ಅಪ್ಪನ ರಾಗಿ ಲೆಕ್ಕದ ಪುಸ್ತಕದಲ್ಲಿರೋ ಹಕ್ಕಿಗಳನ್ನ ಏನು ಮಾಡಲಿ?

ಕ್ಯಾತ್ಸಂದ್ರದ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ತೀರಿಕೊಂಡು ಬರೋ ತಿಂಗಳಿಗೆ ಒಂದು ವರ್ಷ. ಕ್ಯಾತ್ಸಂದ್ರದಲ್ಲಿ ಹಿಟ್ಟಿನ ಮಿಲ್ಲು ನಡೆಸ್ತಿದ್ರು. ಭಾನುವಾರ ಮಾತ್ರ ಮಧ್ಯಾಹ್ನದವರೆಗೂ ಮಿಲ್ಲು ತೆಗೀತಿರಲಿಲ್ಲ. ಇನ್ನೂ ಕತ್ತಲಿದ್ದಾಗಲೇ ಟಿವಿಎಸ್ ಫಿಫ್ಟಿ ಹತ್ತಿ ದೇವರಾಯನದುರ್ಗದ ಕಡೆ ಹೊರಡೋರು. ಮುಂದೆ ನಾನು ನಿಂತ್ಕೊಂಡು, ಹಿಂದೆ ಅಣ್ಣ. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನವನ್ನ ನಾಮದ ಚಿಲುಮೆ ಹತ್ರ ಮೂವರೂ ಒಂದೇ ಎಲೆಯಲ್ಲಿ ತಿಂತಿದ್ವಿ.

ಮೊನ್ನೆ ಅಟ್ಟದ ಮೇಲೆ ಅವರ ಲೆಕ್ಕದ ಪುಸ್ತಕ ಒಂಬತ್ತು ಸಿಕ್ಕಿದ್ವು. ಮುಂದಿನಿಂದ ತೆಗೆದ್ರೆ ಯಾರು ಎಷ್ಟು ಸೇರು ರಾಗಿ ಬೀಸಿಸಿದ್ರು, ಯಾರದ್ದು ಬಾಕಿ. ಅದೇ ಪುಸ್ತಕವನ್ನ ತಿರುಗಿಸಿ ಹಿಂದಿನಿಂದ ತೆಗೆದ್ರೆ ಬರೀ ಹಕ್ಕಿ. ತಾರೀಖು, ಜಾಗ, ಎಷ್ಟಿದ್ವು, ಏನು ತಿಂತಿದ್ವು. ಒಂದು ಪುಟದಲ್ಲಿ ಹೀಗಿದೆ: ‘ಬೆಟ್ಟದ ಅರ್ಧ ದಾರಿ, ಬಂಡೆ ಪಕ್ಕದ ಅತ್ತಿ ಮರ. ಹಳದಿ ಕತ್ತಿನ ಪಿಕಳಾರ 2. ಹಣ್ಣು ತಿಂತಿದ್ವು. ಮಗಳು ಮೊದಲು ನೋಡಿದ್ದು.’ ಕೊನೇ ಸಾಲಿನ ಕೆಳಗೆ ಎರಡು ಗೆರೆ ಎಳೆದಿದಾರೆ. ನನಗೆ ಆ ದಿನ ನೆನಪೇ ಇಲ್ಲ. ಪುಟಗಳ ಮಡಿಕೆಯಲ್ಲಿ ಇನ್ನೂ ಹಿಟ್ಟಿದೆ, ಒರೆಸೋಕೆ ಮನಸ್ಸು ಬರ್ತಿಲ್ಲ.

ವರ್ಷದ ತಿಥಿಗೆ ದೊಡ್ಡ ಫ್ಲೆಕ್ಸ್ ಹಾಕಿಸಬೇಕು ಅಂತಾರೆ ಚಿಕ್ಕಪ್ಪ. ಅಪ್ಪನಿಗೆ ಕೃಷ್ಣಮೃಗ ಅಂದ್ರೆ ಪ್ರಾಣ, ಮೈದನಹಳ್ಳಿಯಲ್ಲಿ ನೂರು ಗಿಡ ನೆಡೋಣ ಅಂತಾನೆ ಅಣ್ಣ. ನನಗೆ ಈ ಪುಸ್ತಕಗಳು ಗೆದ್ದಲಿಗೆ ಹೋಗಬಾರದು, ಅಷ್ಟೇ. ಏನು ಮಾಡಲಿ, ಗೊತ್ತಿರೋರು ಹೇಳಿ.

ಗುಡ್ಡದ ಹಾದಿ:
ಮೇಡಂ, ಮೊದಲು ಒಂದು ಕೆಲಸ ಮಾಡಿ. ಕಿಟಕಿ ಬೆಳಕಲ್ಲಿ ಪ್ರತಿ ಪುಟದ ಫೋಟೋ ತೆಗೆದು ಎರಡು ಕಡೆ ಇಟ್ಕೊಳ್ಳಿ. ರಾಗಿ ಲೆಕ್ಕದ ಪುಟಗಳನ್ನೂ ಬಿಡಬೇಡಿ. ಆಮೇಲೆ ಹಕ್ಕಿ ವಿವರವನ್ನ ಈಬರ್ಡ್‌ಗೆ ಹಾಕಬಹುದು, ಅಂದ್ರೆ ಜನ ತಾವು ನೋಡಿದ ಹಕ್ಕಿಗಳನ್ನ ದಾಖಲಿಸೋ ವೆಬ್‌ಸೈಟು. 2002ರಲ್ಲಿ ಶುರುವಾಗಿದ್ದು ಅದು, ಆದ್ರೆ ಅದಕ್ಕಿಂತ ಹಿಂದಿನ ತಾರೀಖಿನ ಪಟ್ಟಿಯನ್ನೂ ತಗೊಳ್ಳುತ್ತೆ. ಎಷ್ಟು ಹೊತ್ತು ನೋಡಿದ್ರು ಅಂತ ಗೊತ್ತಿಲ್ಲದಿದ್ರೆ ‘ಹಿಸ್ಟಾರಿಕಲ್’ ಅಂತ ಆರಿಸ್ಕೊಳ್ಳಿ. ನಿಮ್ಮ ಹೆಸರಲ್ಲಿ ಬೇಡ, ಅಪ್ಪನವರಿಗೆ ಅಂತಲೇ ಬೇರೆ ಖಾತೆ ತೆಗೀರಿ. ನೋಡಿದವರು ಅವರಲ್ವಾ.

ಆ ಪಿಕಳಾರದ ಪುಟ ಓದಿ ನಾನು ಕೂತಲ್ಲೇ ನೆಟ್ಟಗಾದೆ. ಅದು ದಕ್ಷಿಣ ಭಾರತದ ಬಂಡೆಗುಡ್ಡಗಳನ್ನ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಅಳಿವಿನ ಭಯ ಇರೋದು. ಯಾವ ಮರ, ಏನು ತಿಂತಿತ್ತು ಅನ್ನೋದರ ಸಮೇತ ಅಷ್ಟು ಹಳೇ ದಾಖಲೆ ಸಿಗೋದು ಸುಮ್ಮನೆ ಅಲ್ಲ.

ಮಧುಗಿರಿಯವನು:
ಅಕ್ಕ, ನಿಮ್ಮಣ್ಣನಿಗೆ ದಯವಿಟ್ಟು ಹೇಳಿ, ಮೈದನಹಳ್ಳಿಯಲ್ಲಿ ಗಿಡ ಬೇಡ. ಸುಮಾರು 800 ಎಕರೆ ಹುಲ್ಲುಗಾವಲು ಅದು, ಸಂರಕ್ಷಿತ ಪ್ರದೇಶ. ಅನುಮತಿ ಇಲ್ಲದೆ ಏನೂ ನೆಡಂಗಿಲ್ಲ. ಅನುಮತಿ ಸಿಕ್ಕರೂ ನೆಡಬಾರದು. ಕೃಷ್ಣಮೃಗ ಬದುಕೋದು ಕಣ್ಣು ಮತ್ತು ಕಾಲಿನ ಬಲದ ಮೇಲೆ. ದೂರದಿಂದಲೇ ನಾಯಿ ಕಾಣಬೇಕು, ಓಡೋಕೆ ಬಯಲು ಬೇಕು. ಮರ ಬೆಳೆದ್ರೆ ಎರಡೂ ಹೋಯ್ತು. ನೆಡಲೇಬೇಕು ಅಂದ್ರೆ ನಿಮ್ಮೂರ ಕೆರೆ ಏರಿ ಹತ್ರ ಹೊಂಗೆ, ಹುಣಸೆ ನೆಡಿ. ನೂರು ಬೇಡ, ನೀರು ಹಾಕೋಕೆ ಆಗೋವಷ್ಟು ನೆಡಿ. ಕಗ್ಗಲಡು ನೋಡಿದೀರಲ್ಲ, ಊರೊಳಗಿನ ಹುಣಸೆ ಮರದ ಮೇಲೇ ಬಣ್ಣದ ಕೊಕ್ಕರೆ ಗೂಡು ಕಟ್ತವೆ.

ಸ್ಟೇಷನ್ ರಸ್ತೆ:
ನಿಮ್ಮಪ್ಪ ಹುಬ್ಬಿಗೆಲ್ಲ ಹಿಟ್ಟು ಮೆತ್ಕೊಂಡೇ ಇರ್ತಿದ್ರಲ್ಲ, ಅವರೇ ತಾನೆ? ಹಾಗಿದ್ರೆ ನಾನು ಅವರ ಋಣದಲ್ಲಿದೀನಿ.

ನಾನಾಗ ಏಳನೇ ಕ್ಲಾಸು. ನಾವು ನಾಲ್ಕು ಜನ ಹುಡುಗರು ಬೇಲಿಯಲ್ಲಿ ಒಂದು ಕಾಡುಪಾಪ ಹಿಡಿದಿದ್ವಿ. ಮಾಟ ಮಾಡೋರು ದುಡ್ಡು ಕೊಡ್ತಾರೆ ಅಂತ ಯಾರೋ ತಲೆಗೆ ತುಂಬಿದ್ರು. ನಿಮ್ಮಪ್ಪ ನೋಡಿದ್ರು. ಬೈಯಲಿಲ್ಲ. ಖಾಲಿ ಚೀಲದಲ್ಲಿ ಮೆತ್ತಗೆ ಅದನ್ನ ಇಳಿಸ್ಕೊಂಡು, ‘ರಾತ್ರಿ ಬರ್ರೋ, ಅದರ ಮನೆಗೆ ಬಿಟ್ಟು ಬರೋಣ’ ಅಂದ್ರು. ಅದೇ ಬೇಲಿಗೆ ಹೋದ್ವಿ. ನಾನು ಟಾರ್ಚ್ ತಗೊಂಡಿದ್ದೆ. ‘ಬಿಳಿ ಬೆಳಕು ಬೇಡಪ್ಪ, ಅದರ ಕಣ್ಣು ತಡೆಯಲ್ಲ’ ಅಂತ ತಮ್ಮ ಟಾರ್ಚ್ ಹಾಕಿದ್ರು, ಗಾಜಿಗೆ ಕೆಂಪು ಕಾಗದ ಸುತ್ತಿದ್ರು. ಅದು ಚೀಲದಿಂದ ಒಂದು ಕೈ ಆಚೆ ಹಾಕಿ, ಕೊಂಬೆ ಹಿಡ್ಕೊಂಡು, ತುಂಬಾ ಹೊತ್ತು ಹಾಗೇ ಇತ್ತು. ಆಮೇಲೆ ಇನ್ನೊಂದು ಕೈ. ಅದು ಕಣ್ಮರೆ ಆಗೋವರೆಗೂ ಒಬ್ಬರೂ ಉಸಿರು ಬಿಡಲಿಲ್ಲ. ಆವತ್ತಿಂದ ಯಾವ ಪ್ರಾಣಿಗೂ ಕಲ್ಲೆತ್ತಿಲ್ಲ ಮೇಡಂ ನಾನು.

ಕ್ಯಾತ್ಸಂದ್ರದ ಮಗಳು:
ಎಲ್ಲರಿಗೂ ಕೈ ಮುಗೀತೀನಿ. ಫೋಟೋ ತೆಗೆಯೋಕೆ ಶುರು ಮಾಡಿದೀನಿ, ಎರಡು ಪುಸ್ತಕ ಆಯ್ತು. ಅಣ್ಣ ಮೈದನಹಳ್ಳಿ ಬಿಟ್ಟು ಕೆರೆ ಏರಿ ಹತ್ರ ಐದು ಹುಣಸೆಗೆ ಒಪ್ಪಿದಾನೆ, ನೀರಿನ ಪಾಳಿಯನ್ನೂ ಅವನೇ ಬರೆದಿಟ್ಟ.

ಸ್ಟೇಷನ್ ರಸ್ತೆಯವರೇ, ಪುಸ್ತಕಗಳ ಜೊತೆ ಆ ಟಾರ್ಚೂ ಸಿಕ್ಕಿತ್ತು. ಗಾಜಿಗೆ ಅಂಟಿದ ಕೆಂಪು ಕಾಗದವನ್ನ ಯಾಕೋ ಏನೋ ಅಂತ ಕಿತ್ತು ಹಾಕೋದರಲ್ಲಿದ್ದೆ. ಈಗ ಅಪ್ಪನ ಫೋಟೋ ಪಕ್ಕ ಇಟ್ಟಿದೀನಿ. ತಿಥಿ ದಿನ ಊಟಕ್ಕೆ ಬನ್ನಿ. ಎಡೆಗೆ ಚಿತ್ರಾನ್ನ ಮಾಡ್ತಿದಾರೆ ಅಮ್ಮ, ಕಾಡುಪಾಪದ ವಿಷಯ ನಿಮ್ಮ ಬಾಯಿಂದಲೇ ಕೇಳಬೇಕಂತೆ.