ಪದಚರ್ಚೆ: ಮಣ್ಣೊಳಗೆ ‘ಸರಿಯುವ’ ವಿಕಿರಣಶೀಲ ವಸ್ತುವಿಗೆ ಯಾವ ಕ್ರಿಯಾಪದ?

ಪದಪ್ರಿಯರೆಲ್ಲರಿಗೂ ಚೆಂಬೂರಿನಿಂದ ನಮಸ್ಕಾರ.

ಒಂದೇ ಒಂದು ಕ್ರಿಯಾಪದಕ್ಕಾಗಿ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಇಲ್ಲಿನ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ಅಣುತ್ಯಾಜ್ಯದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೈಗವಸು, ನೆಲ ಒರೆಸಿದ ಬಟ್ಟೆ, ಸೋಸುವ ಫಿಲ್ಟರ್, ಹಳೆಯ ಕೊಳವೆ ಮುಂತಾದ ಕಡಿಮೆ ವಿಕಿರಣದ ಕಸವನ್ನು ನೆಲದ ಮೇಲುಪದರದಲ್ಲಿ ಹೂತಿಟ್ಟರೆ, ಅದರಲ್ಲಿರುವ ವಿಕಿರಣಶೀಲ ವಸ್ತು ವರ್ಷಗಳುರುಳಿದಂತೆ ಎಲ್ಲಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ, ಅದನ್ನು ಹೇಗೆ ಪತ್ತೆಹಚ್ಚುತ್ತಾರೆ ಎಂಬುದು ವಿಷಯ. ಈಗ ‘ಹೋಗುತ್ತದೆ’ ಎಂದೆನಲ್ಲ, ಆ ಹೋಗುವಿಕೆಗೆ ಕನ್ನಡದಲ್ಲಿ ಏನೆನ್ನಬೇಕು? ಇಂಗ್ಲಿಷ್ ಬರಹಗಳು ‘ಮೈಗ್ರೇಷನ್’ ಎನ್ನುತ್ತವೆ.

ಮೊದಲ ಕರಡಿನಲ್ಲಿ ‘ವಲಸೆ’ ಎಂದೇ ಬರೆದೆ. ಬರೆದ ಮೇಲೆ ಓದಿಕೊಂಡಾಗ ಮನಸ್ಸು ಒಪ್ಪಲಿಲ್ಲ. ಹಳೆಯ ಕನ್ನಡದಲ್ಲಿ ವಲಸೆ ಎಂದರೆ ದಂಡು ಬರುತ್ತದೆಂಬ ಭಯಕ್ಕೆ ಊರುಬಿಟ್ಟು ಹೋಗುವುದು. ಮುಂಬಯಿ ಕನ್ನಡಿಗರಾದ ನಮಗಂತೂ ಅದು ಮನೆಯ ಮಾತು. ನನ್ನ ತಂದೆ ಹದಿನಾಲ್ಕನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಮಾಟುಂಗಾದ ಹೋಟೆಲೊಂದಕ್ಕೆ ಬಂದವರು. ಹಗಲೆಲ್ಲ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿ, ತಿಂಗಳ ಕೊನೆಗೆ ಮನಿಯಾರ್ಡರ್ ಕಳಿಸಿದವರು. ವಲಸೆಯಲ್ಲಿ ಹೊರಡುವವನಿದ್ದಾನೆ, ಹೊರಡಲು ಕಾರಣವಿದೆ, ಹಿಂದೆ ಬಿಟ್ಟುಬಂದ ಮನೆಯಿದೆ. ಕಸದ ಗುಂಡಿಯಿಂದ ಆಚೆ ಬಂದ ಸ್ಟ್ರಾನ್ಷಿಯಂ ಎಂಬ ವಿಕಿರಣಶೀಲ ವಸ್ತುವಿನ ಪರಮಾಣುವಿಗೆ ಇವು ಯಾವುವೂ ಇಲ್ಲ. ಅಪ್ಪನ ಬದುಕಿಗೆ ಇಟ್ಟ ಹೆಸರನ್ನು ಅಣುಕಸಕ್ಕೆ ಇಡಲು ನನಗೆ ಮನಸ್ಸಿಲ್ಲ.

ಪತ್ರಿಕೆಗಳು ಬಳಸುವ ಪದ ‘ಸೋರಿಕೆ’. ಅದು ಏಕೆ ಸಾಲದು ಎಂದು ನನಗೆ ತಿಳಿಸಿಕೊಟ್ಟವನು ನಮ್ಮ ಕಟ್ಟಡಕ್ಕೆ ಬರುವ ನಳದ ಕೆಲಸದವನು. ಜುಲೈಯಲ್ಲಿ ನಮ್ಮ ಮಲಗುವ ಕೋಣೆಯ ಗೋಡೆಯ ಮೇಲೆ ಅಂಗೈಯಷ್ಟು ಒದ್ದೆ ಕಾಣಿಸಿತು. ಎಂಟು ದಿನಕ್ಕೆ ಅದು ಮೊರದಷ್ಟಾಯಿತು, ಅಂಚಿನಲ್ಲಿ ಸುಣ್ಣ ಹಪ್ಪಳದಂತೆ ಎದ್ದಿತು. ಅವನು ಬಂದು ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ, ಕಿವಿಯಿಟ್ಟು ಕೇಳಿ, ಮರಾಠಿಯಲ್ಲಿ ಹೇಳಿದ: ‘ಕಾಕೂ, ಹೇ ಗಳತ್ ನಾಹೀ, ಝಿರಪತ್ ಆಹೇ.’ ಇದು ಸೋರುತ್ತಿಲ್ಲ, ಒಳಗೊಳಗೇ ಬರುತ್ತಿದೆ ಎಂದು. ನೀರು ಹೊಕ್ಕ ಜಾಗ ನಮ್ಮ ಕೋಣೆಯ ಮೇಲಿರಲಿಲ್ಲ. ತಾರಸಿಯ ಇನ್ನೊಂದು ಮೂಲೆಯಲ್ಲಿ, ಹತ್ತು ಹನ್ನೆರಡು ಅಡಿ ಆಚೆ, ಕೂದಲೆಳೆಯಂಥ ಬಿರುಕು ಇತ್ತು. ಗಳಣೆ ಮತ್ತು ಝಿರಪಣೆ ಎರಡನ್ನೂ ಅವನು ಯೋಚನೆಯೇ ಇಲ್ಲದೆ ಬೇರೆ ಮಾಡಿದ.

ನಮ್ಮಲ್ಲೂ ಆ ಭೇದ ಇದೆ. ಸೋರುವುದು ಪಾತ್ರೆ, ಮಾಡು, ಕೊಡ. ಇಡಿಯಾಗಿರಬೇಕಾದದ್ದು ತೂತಾದಾಗ ಸೋರುತ್ತದೆ. ಆದ್ದರಿಂದ ‘ಸೋರಿಕೆ’ ಎಂದ ಕೂಡಲೇ ಓದುಗರು ಯಾವ ತೊಟ್ಟಿ ಒಡೆಯಿತು, ಯಾರು ಮುಚ್ಚಲಿಲ್ಲ ಎಂದು ಕೇಳುತ್ತಾರೆ. ಕೆಲವೆಡೆ ಅದು ಸರಿಯಾದ ಪ್ರಶ್ನೆಯೇ. ಆದರೆ ನಾನು ಹೇಳಹೊರಟಿರುವ ಸಂಗತಿಯಲ್ಲಿ ಮಣ್ಣು ಮಣ್ಣಾಗಿಯೇ ಇದೆ, ಏನೂ ಒಡೆದಿಲ್ಲ, ಆದರೂ ವಸ್ತು ಇದ್ದಲ್ಲಿ ಇಲ್ಲ.

ಹಾಗಾದರೆ ಉಳಿದ ಕ್ರಿಯಾಪದಗಳನ್ನು ನೋಡೋಣ ಎಂದು ಕುಳಿತೆ. ಇಂಗು, ಬಸಿ, ಒಸರು, ಜಿನುಗು. ಎಷ್ಟು ಸಂಪತ್ತು! ಮಳೆನೀರು ಇಂಗುತ್ತದೆ. ಗದ್ದೆಯ ನೀರು ಬಸಿಯುತ್ತದೆ. ಬಂಡೆಯ ಸಂದಿಯಿಂದ ಒಸರುತ್ತದೆ, ಗಾಯದಿಂದ ಜಿನುಗುತ್ತದೆ. ಬರೆದುಕೊಂಡು ಎರಡು ಸಾಲಾಗಿ ಜೋಡಿಸಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಇಂಗು, ಬಸಿ ಎನ್ನುವವು ನೀರು ಕಣ್ಮರೆಯಾಗುವ ಜಾಗದಲ್ಲಿ ನಿಂತು ನೋಡಿದವರ ಮಾತು. ಒಸರು, ಜಿನುಗು ಎನ್ನುವವು ನೀರು ಮತ್ತೆ ಕಾಣಿಸಿಕೊಳ್ಳುವ ಜಾಗದಲ್ಲಿ ನಿಂತವರ ಮಾತು. ನಡುವಿನ ದಾರಿಗೆ, ಅಂದರೆ ನಮ್ಮ ಗೋಡೆಯೊಳಗಿನ ಆ ಹನ್ನೆರಡು ಅಡಿಗೆ, ನನಗೆ ಪದ ಸಿಗಲಿಲ್ಲ. ವಿಜ್ಞಾನಿಗಳು ಅಳೆಯುತ್ತಿರುವುದು ಅದನ್ನೇ.

ಯಾವುದನ್ನು ಅಳೆಯುತ್ತಾರೆ ಎಂದು ಸ್ವಲ್ಪ ವಿವರಿಸಿದರೆ ನನ್ನ ತೊಡಕು ನಿಮಗೆ ತಿಳಿಯುತ್ತದೆ. ಅಮೆರಿಕದ ನೆವಾಡ ರಾಜ್ಯದಲ್ಲಿ ಬೇಟಿ ಎಂಬ ಊರಿನ ಸಮೀಪ, ಅಮರ್ಗೋಸಾ ಮರುಭೂಮಿಯಲ್ಲಿ, 1962ರಿಂದ 1992ರವರೆಗೆ ಇಂಥ ಕಸವನ್ನು ಉದ್ದುದ್ದ ಗುಂಡಿಗಳಲ್ಲಿ ಹೂತರು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 110 ಮಿಲಿಮೀಟರ್. ಮುಂಬಯಿಯವರಿಗೆ ಇದನ್ನು ಹೀಗೆ ಹೇಳಬಹುದು: 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ ಸುರಿದ 944 ಮಿಲಿಮೀಟರ್ ಅಲ್ಲಿ ಎಂಟು ವರ್ಷಕ್ಕೂ ಹೆಚ್ಚಿನ ಮಳೆ. ಅಂತರ್ಜಲ ಇರುವುದು ಸುಮಾರು 85ರಿಂದ 115 ಮೀಟರ್ ಆಳದಲ್ಲಿ. ಮಳೆಯಿಲ್ಲ, ನೀರು ದೂರ. ಹೂತದ್ದು ಹೂತಲ್ಲೇ ಇರುತ್ತದೆ ಎಂಬುದು ಆ ಕಾಲದ ಲೆಕ್ಕ. ಆದರೆ 1990ರ ದಶಕದಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರಿಗೆ ಗುಂಡಿಗಳ ಆಚೆ, ನೂರು ಮೀಟರಿಗೂ ಹೆಚ್ಚು ದೂರದ ಮಣ್ಣಿನಲ್ಲಿ, ಟ್ರಿಷಿಯಂ, ಅಂದರೆ ಹೈಡ್ರೋಜನ್ನಿನ ವಿಕಿರಣಶೀಲ ರೂಪ, ಸಿಕ್ಕಿತು. ಲೆಕ್ಕ ಹೇಳಿದ್ದಕ್ಕಿಂತ ಬಹಳ ದೂರ. ಅದು ಬಂದದ್ದು ಹರಿಯುವ ನೀರಾಗಿ ಅಲ್ಲ, ಬಹುಪಾಲು ಮಣ್ಣಿನ ಕಣಗಳ ಸಂದಿಯ ಗಾಳಿಯಲ್ಲಿ, ಆವಿಯಾಗಿ.

ಪತ್ತೆಹಚ್ಚಿದ ರೀತಿಗಳಲ್ಲೊಂದು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ. ಆ ಬಯಲಿನಲ್ಲಿ ಕ್ರಿಯೋಸೋಟ್ ಎಂಬ ಪೊದೆ ಬೆಳೆಯುತ್ತದೆ. ಅದರ ಎಲೆಗಳನ್ನು ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟರು. ಬಿಸಿಲಿಗೆ ಎಲೆ ಬೆವರಿ ಚೀಲದ ಒಳಮೈಗೆ ಹನಿ ಕಟ್ಟಿತು. ಆ ಹನಿಗಳನ್ನು ಕೂಡಿಸಿ ಟ್ರಿಷಿಯಂ ಎಷ್ಟಿದೆ ಎಂದು ಅಳೆದರು. ಪೊದೆಯಿಂದ ಪೊದೆಗೆ ಹೀಗೆ ಮಾಡಿದಾಗ, ನೆಲ ಅಗೆಯದೆಯೇ, ನೆಲದೊಳಗೆ ಟ್ರಿಷಿಯಂ ಯಾವ ದಿಕ್ಕಿಗೆ ಎಷ್ಟು ದೂರ ಹೋಗಿದೆ ಎಂಬ ನಕ್ಷೆ ಮೂಡಿತು.

ಈಗ ಹೇಳಿ, ಇಲ್ಲಿ ‘ಒಸರಿತು’ ಎನ್ನಲು ಬರುತ್ತದೆಯೇ? ಒಸರಲು ದ್ರವವಿರಬೇಕು. ‘ಹಬ್ಬಿತು’ ಎಂದರೆ ಆದೀತು ಎಂದುಕೊಂಡೆ. ಬಳ್ಳಿ ಹಬ್ಬುತ್ತದೆ, ಬೆಂಕಿ ಹಬ್ಬುತ್ತದೆ, ಸುದ್ದಿ ಹಬ್ಬುತ್ತದೆ. ಆದರೆ ಇವೆಲ್ಲ ಹಬ್ಬುತ್ತಾ ಬೆಳೆಯುವಂಥವು. ಟ್ರಿಷಿಯಂ ಹೋಗುತ್ತಾ ಹೋಗುತ್ತಾ ಕರಗುವಂಥದ್ದು, 12.3 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವಂಥದ್ದು. ಪಠ್ಯಪುಸ್ತಕಗಳಲ್ಲಿ ‘ವಿಸರಣೆ’ ಇದೆ, ದಟ್ಟವಾಗಿರುವಲ್ಲಿಂದ ವಿರಳವಾಗಿರುವಲ್ಲಿಗೆ ತಾನಾಗಿ ಹರಡುವುದು ಎಂದು, ಒಳ್ಳೆಯ ಪದ, ಆದರೆ ಅದು ಸಾಗುವ ಬಗೆಗಳಲ್ಲಿ ಒಂದು ಮಾತ್ರ. ನೀರಿನ ಜೊತೆ ಹರಿದು ಹೋಗುವುದೂ ಸೇರಬೇಕು, ಮಣ್ಣಿನ ಅತಿಸಣ್ಣ ಕಣಗಳಿಗೆ ಅಂಟಿ ಸವಾರಿ ಹೋಗುವುದೂ ಸೇರಬೇಕು. ‘ಸಾಗಣೆ’ ಎಂದರೆ ಕಣ್ಣಿಗೆ ಲಾರಿ ಬರುತ್ತದೆ. ಕಸವನ್ನು ಲಾರಿಯಲ್ಲಿ ತರುವ ಮಾತೂ ಅದೇ ಲೇಖನದಲ್ಲಿದೆ.

ಹಾಗೆಂದು ಎಲ್ಲ ಕಡೆಯೂ ಒಂದೇ ಪದ ಹಾಕಬೇಕು ಎಂದೂ ನಾನು ಹೇಳುತ್ತಿಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಕ್ಸಿ ಫ್ಲಾಟ್ಸ್‌ನಲ್ಲಿ 1963ರಿಂದ 1977ರವರೆಗೆ ಕಸ ಹೂತ ಗುಂಡಿಗಳಿಗೆ ಮಳೆನೀರು ಇಳಿದು, ತಳದ ಬಿಗಿಪದರ ಬಿಟ್ಟುಕೊಡದೆ, ಗುಂಡಿಗಳು ಸ್ನಾನದ ತೊಟ್ಟಿಗಳಂತೆ ತುಂಬಿದವು. ಅಲ್ಲಿಗೆ ‘ತುಂಬಿ ತುಳುಕುವುದು’ ಎಂಬ ನಮ್ಮ ಮಾತು ಹೇಳಿ ಮಾಡಿಸಿದಂತಿದೆ.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಶಿರಸಿ ಕಡೆಯ ಹಿರಿಯರೊಬ್ಬರಿದ್ದಾರೆ. ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದ ರಸಾಯನ ವಿಭಾಗದಲ್ಲಿದ್ದು ನಿವೃತ್ತರಾದವರು. ಕರಡನ್ನು ಅವರಿಗೆ ಓದಿ ಹೇಳಿದೆ. ‘ಟೀಚರ್, ಕ್ರಿಯಾಪದ ಆಮೇಲೆ ನೋಡಿ, ಮೊದಲು ಕರ್ತೃಪದ ಸರಿಮಾಡಿ’ ಎಂದರು. ನಾನು ಒಂದೆಡೆ ‘ವಿಕಿರಣ ಮಣ್ಣಿನಲ್ಲಿ ಮುಂದೆ ಹೋಗುತ್ತದೆ’ ಎಂದು ಬರೆದಿದ್ದೆ. ‘ವಿಕಿರಣ ಎಂದರೆ ಕಿರಣ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ನಡೆದುಕೊಂಡು ಹೋಗುವುದಿಲ್ಲ. ನಡೆಯುವುದು ಕಿರಣ ಸೂಸುವ ವಸ್ತು. ದೀಪ ಹಿಡಿದವನು ನಡೆದರೆ ಬೆಳಕು ನಡೆಯಿತು ಎನ್ನುತ್ತೀರಾ?’ ಅವರ ಮಾತು ನೂರಕ್ಕೆ ನೂರು ಸತ್ಯ. ನಮ್ಮ ಪತ್ರಿಕೆಗಳ ‘ವಿಕಿರಣ ಸೋರಿಕೆ’ ಎಂಬ ಶೀರ್ಷಿಕೆಗಳಲ್ಲಿ ಈ ಎರಡೂ ಕಲಸಿಹೋಗಿವೆ. ವಿಕಿರಣ ಬೇರೆ, ವಿಕಿರಣಶೀಲ ವಸ್ತು ಬೇರೆ. ಮರಾಠಿಯವರ ‘ಕಿರಣೋತ್ಸಾರಿ’ಯಲ್ಲಿ, ಕಿರಣವನ್ನು ಹೊರಸೂಸುವಂಥದ್ದು ಎಂಬ ಅರ್ಥ ಎದ್ದು ಕಾಣುತ್ತದೆ. ನಮ್ಮ ‘ಶೀಲ’ದಲ್ಲಿ ಅದು ಅಡಗಿ ಕುಳಿತಿದೆ. ‘ಕಿರಣಸೂಸುಕ’ ಎಂದು ಮಾಡಿಕೊಂಡರೆ ಅತಿಯಾದೀತೇ?

ಅವರೇ ಕೊಟ್ಟ ಇನ್ನೊಂದು ಮಾತನ್ನು ಲೇಖನದಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ. ಮಣ್ಣು ಈ ವಸ್ತುಗಳನ್ನು ‘ತಡೆಯುತ್ತದೆ’ ಎಂದು ನಾನು ಬರೆದಿದ್ದೆ. ಅವರು ಪೆನ್ನು ತೆಗೆದುಕೊಂಡು ‘ತಡೆ’ಯ ಎತ್ವವನ್ನು ಹೊಡೆದುಹಾಕಿದರು. ತಡೆ ಅಲ್ಲ, ತಡ. ಜೇಡಿಮಣ್ಣಿನ ಕಣ ಸೀಸಿಯಂ ಎಂಬ ವಿಕಿರಣಶೀಲ ವಸ್ತುವನ್ನು ಹಿಡಿದುಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಹಿಡಿದುಕೊಳ್ಳುತ್ತದೆ. ಚೆರ್ನೋಬಿಲ್ ಬಳಿಯ ಕೆಂಪು ಕಾಡಿನಲ್ಲಿ ಅಣುದುರಂತದ ಬಳಿಕ ಮರಳಿನೊಳಗೆ ಹೂತ ಮಲಿನ ಮರ ಮತ್ತು ಮಣ್ಣಿನಿಂದ ಸ್ಟ್ರಾನ್ಷಿಯಂ-90 ಅಂತರ್ಜಲಕ್ಕೆ ಇಳಿಯಿತು, ಸೀಸಿಯಂ-137 ಬಹುಪಾಲು ಹೂತಲ್ಲಿಯೇ ಉಳಿಯಿತು. ಟ್ರಿಷಿಯಂ ನೀರಿನ ಅಣುವಿನಲ್ಲೇ ಸೇರಿರುವುದರಿಂದ ಅದಕ್ಕೆ ಇಂಥ ತಡ ಇಲ್ಲವೆನ್ನುವಷ್ಟು ಕಡಿಮೆ. ಮೇಲುಪದರದಲ್ಲಿ ಹೂಳುವ ಇಡೀ ವಿಧಾನ ನಿಂತಿರುವುದೇ ತಡದ ಮೇಲೆ. ಸೀಸಿಯಂ-137 ಸುಮಾರು 30 ವರ್ಷಕ್ಕೆ ಅರ್ಧವಾಗುತ್ತದೆ. ಮಣ್ಣು ಅದನ್ನು 300 ವರ್ಷ ತಡಮಾಡಿಸಿದರೆ ಹತ್ತು ಸಲ ಅರ್ಧವಾಗಿ ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಪ್ಲುಟೋನಿಯಂ-239ಕ್ಕೆ ಅರ್ಧವಾಗಲು 24,000 ವರ್ಷ ಬೇಕು, ಅದಕ್ಕೆ ಈ ತಡ ಏನೇನೂ ಸಾಲದು. ಒಂದು ಎತ್ವದಲ್ಲಿ ಇಷ್ಟೆಲ್ಲ ಇದೆ.

ಉಳಿದ ಪದಗಳ ಬಗ್ಗೆ ಚುಟುಕಾಗಿ. ‘ಕೆಳಮಟ್ಟದ ತ್ಯಾಜ್ಯ’ ಎನ್ನುವುದು ಬೇಡ, ಆಳದಲ್ಲಿದೆ ಎಂದೋ ಕೀಳು ಎಂದೋ ಕೇಳಿಸುತ್ತದೆ. ‘ಕಡಿಮೆ ವಿಕಿರಣದ ತ್ಯಾಜ್ಯ’ ಸಾಕು. ‘ಆಳವಿಲ್ಲದ ಹೂಳಿಕೆ’ ಎಂದರೂ ತೊಂದರೆ: ಬೇಟಿಯ ಕೆಲವು ಗುಂಡಿಗಳು 15 ಮೀಟರ್ ಇದ್ದವು, ಐವತ್ತಡಿ ಬಾವಿಯನ್ನು ನಮ್ಮೂರಲ್ಲಿ ಯಾರೂ ಆಳವಿಲ್ಲ ಎನ್ನುವುದಿಲ್ಲ. ನೂರಾರು ಮೀಟರ್ ಕೆಳಗೆ ಬಂಡೆಯೊಳಗೆ ಇಡುವುದಕ್ಕೆ ಹೋಲಿಸಿದಾಗ ಮಾತ್ರ ಅದು ಮೇಲೆ. ಅದಕ್ಕೇ ‘ಮೇಲುಪದರದ ಹೂಳಿಕೆ’ ಎಂದಿದ್ದೇನೆ. ಇಂಗ್ಲಿಷಿನ ‘ಕಂಟ್ಯಾಮಿನೇಷನ್’ಗೆ ‘ಸೋಂಕು’ ಎಂಬ ಸಲಹೆ ಬಂತು, ಒಬ್ಬರಿಂದೊಬ್ಬರಿಗೆ ಹರಡುವ ರೋಗದ ನೆನಪು ಇನ್ನೂ ಹಸಿಯಾಗಿರುವಾಗ ಅದನ್ನು ಬಳಸಲಾರೆ. ‘ಮೈಲಿಗೆ’ ಎಂದೂ ಒಬ್ಬರು ಹೇಳಿದರು. ಆ ಪದದಿಂದ ಮನುಷ್ಯರು ಮನುಷ್ಯರಿಗೆ ಮಾಡಿದ ಗಾಯ ಇನ್ನೂ ಮಾದಿಲ್ಲ, ನನ್ನ ಲೇಖನದೊಳಕ್ಕೆ ಅದು ಬರುವುದಿಲ್ಲ. ‘ಮಾಲಿನ್ಯ’ವನ್ನೇ ಇಟ್ಟುಕೊಂಡಿದ್ದೇನೆ.

ಕ್ರಿಯಾಪದಕ್ಕೆ ಮರಳುತ್ತೇನೆ. ಸದ್ಯಕ್ಕೆ ನನ್ನ ಕೈಯಲ್ಲಿರುವುದು ‘ಸರಿ’. ನೆರಳು ಸರಿಯುತ್ತದೆ, ಹೊತ್ತು ಸರಿಯುತ್ತದೆ, ಮೋಡ ಸರಿಯುತ್ತದೆ. ನೋಡುತ್ತಾ ಕುಳಿತರೆ ಕಾಣುವುದಿಲ್ಲ, ಎದ್ದುಹೋಗಿ ಬಂದರೆ ಜಾಗ ಬದಲಾಗಿರುತ್ತದೆ. ಸರಿಯಲು ದ್ರವವೇ ಆಗಬೇಕೆಂದಿಲ್ಲ, ಒಡಕು ಬೇಕಿಲ್ಲ, ಇಚ್ಛೆಯೂ ಬೇಕಿಲ್ಲ. ‘ಟ್ರಿಷಿಯಂ ಮಣ್ಣಿನ ಪಸೆಯೊಡನೆ ಸರಿಯಿತು’ ಎಂದು ಬರೆದು ನೋಡಿದೆ. ಕಿವಿಗೆ ಹಿತವಾಗಿದೆ. ‘ಪಸೆ’ ಎಂಬುದು ನೀರೂ ಅಲ್ಲದೆ ಆವಿಯೂ ಅಲ್ಲದೆ ಎರಡರ ನಡುವೆ ನಿಲ್ಲುವುದರಿಂದ ಅದೂ ಇಲ್ಲಿ ಒದಗಿ ಬಂತು.

ತೊಡಕಿರುವುದು ನಾಮಪದದಲ್ಲಿ. ಕುಸಿ, ಕುಸಿತ, ಇಳಿ, ಇಳಿತ, ಸೆಳೆ, ಸೆಳೆತ. ಅದೇ ದಾರಿಯಲ್ಲಿ ಸರಿ, ‘ಸರಿತ’. ಆದರೆ ಓದುಗರಿಗೆ ಮೊದಲು ನೆನಪಾಗುವುದು ಹುಡುಗಿಯ ಹೆಸರು, ಇಲ್ಲವೇ ಸಂಸ್ಕೃತದ ನದಿ. ‘ಸರಿಯುವಿಕೆ’ ವ್ಯಾಕರಣಕ್ಕೆ ಸರಿ, ನಾಲಿಗೆಗೆ ಭಾರ. ‘ಒಳಸರಿತ’ ಎಂದು ‘ಒಳ’ವನ್ನು ಸೇರಿಸಿದರೆ ಆ ಗೊಂದಲ ತಪ್ಪುತ್ತದೆಯೇ? ನೆಲದೊಳಗೆ ಎಂಬ ಅರ್ಥವೂ ಬರುತ್ತದೆ. ಆದರೆ ‘ಒಳಗೆ ಸರಿಯುವುದು’ ಎಂದು ತಿರುಗಿ ಓದಿದರೆ ಹೊರಗಿನಿಂದ ಒಳಗೆ ಬಂದಂತೆಯೂ ಆಗುತ್ತದೆ ಎಂದು ಹಿರಿಯರು ಆಕ್ಷೇಪಿಸಿದ್ದಾರೆ.

ಆದ್ದರಿಂದ ನಿಮ್ಮಲ್ಲಿ ಕೇಳುವುದಿಷ್ಟು. ಮಣ್ಣಿನೊಳಗಿನ ದಾರಿಗೆ ಹೆಸರಿಟ್ಟವರು ಯಾರಾದರೂ ಇದ್ದರೆ ಅದು ಬಾವಿ ತೋಡುವವರು, ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆಯುವವರು, ಕೆರೆಯ ಏರಿ ಕಾಯುವ ನೀರುಗಂಟಿಗಳು. ಏರಿಯ ಈಚೆ ನೀರು ಕಾಣಿಸುವ ಮೊದಲು, ಏರಿಯ ಒಳಗೆ ಅದು ಬರುತ್ತಿದೆ ಎಂದು ಗೊತ್ತಾದಾಗ ಅವರು ಏನೆನ್ನುತ್ತಾರೆ? ಕೋಲಾರ, ತುಮಕೂರು ಕಡೆಯವರು, ಉತ್ತರ ಕನ್ನಡದವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಕೈಗಾ ಅಣುವಿದ್ಯುತ್ ಸ್ಥಾವರ ಇರುವುದು ಕನ್ನಡದ ನೆಲದಲ್ಲಿ. 2000ದಿಂದ ಅಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆ ನಡೆದಿದೆ. ನಮ್ಮ ದೇಶದಲ್ಲಿ ಕಡಿಮೆ ವಿಕಿರಣದ ಕಸವನ್ನು ಆಯಾ ಸ್ಥಾವರದ ಆವರಣದಲ್ಲೇ ಮೇಲುಪದರದಲ್ಲಿ ಇರಿಸುವ ಪದ್ಧತಿಯಿದೆ. ಅಲ್ಲಿನ ಜನ ಪ್ರಶ್ನೆ ಕೇಳಬೇಕಾದಾಗ, ಉತ್ತರ ಅರ್ಥಮಾಡಿಕೊಳ್ಳಬೇಕಾದಾಗ, ಸೋರಿಕೆಗೂ ಇದಕ್ಕೂ ಬೇರೆ ಬೇರೆ ಪದ ಅವರ ಬಾಯಲ್ಲಿರಬೇಕು.

ಲೇಖನ ಈ ತಿಂಗಳ 20ಕ್ಕೆ ಅಚ್ಚಿಗೆ ಹೋಗುತ್ತದೆ. ಅಲ್ಲಿಯವರೆಗೆ ‘ಸರಿತ’ದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದೇನೆ.