ಮೂರು ಚೀಲ ತೆಗೆದಾಗ ‘ಕನಿಷ್ಠ ಒಂದು’: 0.6 ಯಾಕಲ್ಲ?

ಪ್ರಶ್ನೆ (ಡಿಗ್ರಿ ಮೊದಲ ವರ್ಷ, ಚಿಕ್ಕಮಗಳೂರು):
ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆ) 20 ಚೀಲ ಚೆರಿ ಕಾಫಿ ಬಂದಿದೆ, ಅದರಲ್ಲಿ 4ಕ್ಕೆ ಬೋರರ್ (ಕಾಫಿ ಬೀಜ ಕೊರೆಯುವ ಹುಳು) ಹತ್ತಿದೆ ಅಂತ ಲೆಕ್ಕ. ಯಾದೃಚ್ಛಿಕವಾಗಿ 3 ಚೀಲ ತೆಗೆದರೆ ಕನಿಷ್ಠ ಒಂದು ಬೋರರ್ ಚೀಲ ಸಿಗುವ ಸಂಭವನೀಯತೆ ಎಷ್ಟು? ಒಂದೊಂದು ಸಲಕ್ಕೂ 4/20, ಮೂರು ಸಲ ಕೂಡಿದರೆ 0.6. ಕೊಟ್ಟಿರೋ ಉತ್ತರ 0.5088. ಕೂಡಿದ್ದರಲ್ಲಿ ತಪ್ಪೇನು?

ಉತ್ತರ 1:
ಹಾಗೇ 6 ಚೀಲಕ್ಕೆ ಕೂಡಿ ನೋಡಿ, 1.2 ಬರುತ್ತೆ. ಸಂಭವನೀಯತೆ 1 ದಾಟೋ ಹಾಗಿಲ್ಲ. ನೇರವಾಗಿ ಕೂಡೋಕೆ ಆಗೋದು ಘಟನೆಗಳು ಒಟ್ಟಿಗೆ ನಡೆಯಲಾರದವಾದಾಗ ಮಾತ್ರ. ಇಲ್ಲಿ ಮೊದಲ ಚೀಲವೂ ಎರಡನೆಯದೂ ಎರಡೂ ಕೆಟ್ಟಿರಬಹುದಲ್ಲ.

‘ಕನಿಷ್ಠ ಒಂದು’ ಅಂತ ಕಂಡ ಕೂಡಲೇ ‘ಒಂದೂ ಇಲ್ಲ’ ಅನ್ನೋದನ್ನ ಹಿಡಿದು 1ರಿಂದ ಕಳೆಯಿರಿ. ಒಳ್ಳೆಯ ಚೀಲ 16. ಮೂರೂ ಒಳ್ಳೆಯವಾಗೋದು 16/20 × 15/19 × 14/18 = 0.4912. ಉತ್ತರ 0.5088. ತೆಗೆದ ಚೀಲ ವಾಪಸ್ ಇಡಲ್ಲ, ಅದಕ್ಕೇ ಛೇದವೂ ಒಂದೊಂದೇ ಇಳಿಯುತ್ತೆ. ಪರೀಕ್ಷೆಯಲ್ಲಿ ಅಂಕ ಹೋಗೋದು ಹೆಚ್ಚಾಗಿ ಈ ಜಾಗದಲ್ಲೇ.

ಉತ್ತರ 2:
0.6 ಪೂರ್ತಿ ಕಸವೇನಲ್ಲ. 20ರಲ್ಲಿ 3 ಆರಿಸುವ ವಿಧಾನ 1140. ಸರಿಯಾಗಿ ಒಂದು ಕೆಟ್ಟದ್ದು ಬರೋದು 480, ಎರಡು ಬರೋದು 96, ಮೂರೂ ಕೆಟ್ಟವು ಬರೋದು 4. ಒಟ್ಟು 580, ಅಂದರೆ 0.5088. ನಿಮ್ಮ ಕೂಡಿಕೆ 96ನ್ನು ಎರಡು ಸಲ, 4ನ್ನು ಮೂರು ಸಲ ಎಣಿಸಿದೆ: 480 + 192 + 12 = 684. 684/1140 = 0.6. ಅದು ಸಿಗಬಹುದಾದ ಕೆಟ್ಟ ಚೀಲಗಳ ಸರಾಸರಿ ಸಂಖ್ಯೆ. ಸರಿಯಾದ ಲೆಕ್ಕವೇ, ಕೇಳಿದ ಪ್ರಶ್ನೆ ಬೇರೆ.

ಪ್ರಶ್ನೆ ಕೇಳಿದವರು:
ಹಾಗಾದರೆ 1 − 0.8³ ಅಂತ ಬರೆಯಬಹುದಾ? ಒಂದೊಂದು ಚೀಲವೂ ಸ್ವತಂತ್ರ ಅಂದುಕೊಂಡು?

ಉತ್ತರ 1:
ಅದು 0.488. ವಾಪಸ್ ಇಟ್ಟು ತೆಗೆದರೆ ಅದೇ ಸರಿ. 20 ಚೀಲದಲ್ಲಿ ಒಂದು ಹೋದರೆ ಉಳಿದ ಅನುಪಾತ ಬದಲಾಗುತ್ತೆ, ಸ್ವತಂತ್ರ ಅನ್ನೋ ಹಾಗಿಲ್ಲ. 2000ದಲ್ಲಿ 400 ಕೆಟ್ಟಿದ್ದರೆ ವಾಪಸ್ ಇಡದೆಯೂ 0.4882, ವ್ಯತ್ಯಾಸ ಲೆಕ್ಕಕ್ಕಿಲ್ಲ. ಇನ್ನೊಂದು, ‘ಒಟ್ಟಿಗೆ ನಡೆಯಲಾರವು’ ಮತ್ತು ‘ಸ್ವತಂತ್ರ’ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಒಂದು ನಡೆದರೆ ಇನ್ನೊಂದು ನಡೆಯಲ್ಲ ಅಂತ ಖಚಿತವಾದರೆ, ಅದಕ್ಕಿಂತ ದೊಡ್ಡ ಅವಲಂಬನೆ ಯಾವುದು? (ಎರಡರ ಸಂಭವನೀಯತೆಯೂ 0 ಅಲ್ಲದಿದ್ದಾಗ.)

ಉತ್ತರ 3 (ಹಾಸನ):
ಇದೆಲ್ಲ ನಿಲ್ಲೋದು ‘ಯಾದೃಚ್ಛಿಕ’ ಅನ್ನೋ ಪದದ ಮೇಲೆ. ಗೋಡೌನ್‌ನಲ್ಲಿ ಒಂದೇ ತೋಟದ ಚೀಲಗಳು ಒಂದೇ ಸಾಲಲ್ಲಿ ಇರುತ್ತವೆ, ಬೋರರ್ ಇದ್ದರೆ ಆ ಗುಂಪಲ್ಲೇ ಹೆಚ್ಚು. ಕೈಗೆ ಸಿಕ್ಕ ಮೇಲಿನ ಮೂರು ತೆಗೆದರೆ 0.5088ಕ್ಕೆ ಅರ್ಥವಿಲ್ಲ. ಚೀಲಗಳಿಗೆ 1ರಿಂದ 20 ನಂಬರ್ ಹಾಕಿ, ಚೀಟಿ ಎತ್ತಿ, ಬಂದ ನಂಬರ್ ಅಡಿಯಲ್ಲಿದ್ದರೂ ಅದನ್ನೇ ಎಳೆಯಬೇಕು.