ಎಫ್‌ಎಆರ್, ಕವರೇಜ್, ಎತ್ತರ: ವಲಯ ನಿಯಮದಲ್ಲಿ ಯಾವುದನ್ನು ಎಲ್ಲಿಂದ ಅಳೆಯುವುದು?

ಪ್ರಶ್ನೆ

ವಾಸದ ವಲಯದಲ್ಲಿ 12 × 20 ಮೀಟರ್ ನಿವೇಶನ. ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಒಟ್ಟು ಮಹಡಿ ವಿಸ್ತೀರ್ಣ ಕಟ್ಟಬಹುದು ಎಂಬ ಅನುಪಾತ) 1.75, ಕವರೇಜ್ (ನಿವೇಶನದಲ್ಲಿ ಕಟ್ಟಡ ಆವರಿಸಬಹುದಾದ ಪಾಲು) ಶೇ 60. ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ಮುಂದೆ 3 ಮೀಟರ್, ಹಿಂದೆ 2, ಎರಡು ಪಕ್ಕಕ್ಕೂ ಒಂದೂವರೆ. ಎತ್ತರದ ಮಿತಿ 10 ಮೀಟರ್. ಸ್ಟಿಲ್ಟ್ ಪಾರ್ಕಿಂಗ್ (ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ಕೆಳಗೆ ವಾಹನಕ್ಕೆ ಬಿಡುವ ಜಾಗ) ಮೇಲೆ ಮೂರು ಮಹಡಿ ಬೇಕು. ಒಬ್ಬರ ಲೆಕ್ಕದಲ್ಲಿ ಕೂಡುತ್ತದೆ, ಇನ್ನೊಬ್ಬರ ಲೆಕ್ಕದಲ್ಲಿ ಇಲ್ಲ. ಅಂಕಿಗಳು ಒಂದೇ ಇರುವಾಗ ಹೀಗೇಕೆ?

ಉತ್ತರ 1

ವ್ಯತ್ಯಾಸ ಇರುವುದು ಪದಗಳಲ್ಲಿ. ವ್ಯಾಖ್ಯೆಗಳ ಅಧ್ಯಾಯ ಬಿಟ್ಟು ನೇರ ಕೋಷ್ಟಕಕ್ಕೆ ಹೋದವರೆಲ್ಲ ಇಲ್ಲೇ ಎಡವುತ್ತಾರೆ.

ನಿವೇಶನ 240 ಚದರ ಮೀಟರ್, ಎಫ್‌ಎಆರ್ ಪ್ರಕಾರ ಒಟ್ಟು 420 ಕಟ್ಟಬಹುದು. ಕವರೇಜ್ 144 ಕೊಡುತ್ತದೆ, ಆದರೆ ಸೆಟ್‌ಬ್ಯಾಕ್ ಬಿಟ್ಟರೆ ಉಳಿಯುವುದು 9 × 15, ಅಂದರೆ 135. ಎರಡರಲ್ಲಿ ಚಿಕ್ಕದೇ ನಿಮ್ಮ ಮಿತಿ. ಮೂರು ಮಹಡಿಗೆ 405. ಮೇಲೆ ಉಳಿಯುವುದು 15 ಮಾತ್ರ.

ಈಗ ಸ್ಟಿಲ್ಟ್. ಅದು ಲೆಕ್ಕದಿಂದ ಹೊರಗುಳಿಯುವುದು ಸಾಮಾನ್ಯವಾಗಿ ಪಕ್ಕಗಳು ತೆರೆದಿದ್ದು, ವಾಹನ ನಿಲ್ಲಿಸಲು ಮಾತ್ರ ಬಳಸಿದಾಗ. ಅಲ್ಲಿ ಗೋಡೆ ಎಬ್ಬಿಸಿ ಉಗ್ರಾಣ ಮಾಡಿದರೆ ಅಷ್ಟು ಭಾಗ ಎಫ್‌ಎಆರ್‌ಗೆ ಸೇರುತ್ತದೆ. 15 ದಾಟಿತೋ, ನಕ್ಷೆ ವಾಪಸ್. ಮಹಡಿಯ ವಿಸ್ತೀರ್ಣವನ್ನು ಗೋಡೆಯ ಹೊರಮುಖದಿಂದ ಅಳೆಯಬೇಕೋ ಒಳಮುಖದಿಂದಲೋ ಎಂಬುದನ್ನೂ ನೋಡಿ. 20 ಸೆಂಟಿಮೀಟರ್ ಗೋಡೆಯಾದರೆ ಮೂರು ಮಹಡಿ ಸೇರಿ ಸುಮಾರು 28 ಚದರ ಮೀಟರ್ ವ್ಯತ್ಯಾಸ. ಲಿಫ್ಟ್, ಮೆಟ್ಟಿಲು, ಬಾಲ್ಕನಿ ಲೆಕ್ಕಕ್ಕೆ ಬರುತ್ತವೆಯೇ ಎಂಬುದು ಒಂದೊಂದು ನಗರದಲ್ಲಿ ಒಂದೊಂದು ಥರ. ತೆರೆದ ಬಾಲ್ಕನಿಗೆ ರಿಯಾಯಿತಿ ಇದ್ದರೂ ಗಾಜು ಹಾಕಿ ಮುಚ್ಚಿದರೆ ಅದು ಕೋಣೆಯೇ.

ಎತ್ತರ: ಸ್ಟಿಲ್ಟ್ 2.7, ಮಹಡಿಗೆ 3.1ರಂತೆ 9.3, ಒಟ್ಟು 12. ಸ್ಟಿಲ್ಟ್ ಬಿಟ್ಟು ಎಣಿಸಿ ಎಂದು ನಿಯಮ ಹೇಳಿದರೆ ಮಾತ್ರ ನಿಮ್ಮ ಕಟ್ಟಡ ಪಾಸಾಗುತ್ತದೆ. ಆಗಲೂ ಅಳತೆಯ ಬುಡ ಯಾವುದು ಎಂದು ಕೇಳಿ: ರಸ್ತೆಯ ಮಟ್ಟವೋ, ಕಟ್ಟಡದ ಸುತ್ತಲಿನ ನೆಲದ ಸರಾಸರಿಯೋ? ನಿವೇಶನ ರಸ್ತೆಗಿಂತ 0.9 ಮೀಟರ್ ಮೇಲಿದ್ದು ರಸ್ತೆಯಿಂದಲೇ ಅಳೆದರೆ 10.2 ಆಗಿಬಿಡುತ್ತದೆ.

ಉತ್ತರ 2

ಸೆಟ್‌ಬ್ಯಾಕ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮುಂದಿನ 3 ಮೀಟರ್ ಅನ್ನು ಈಗಿನ ಕಾಂಪೌಂಡಿನಿಂದ ಅಳೆಯಬೇಡಿ. ರಸ್ತೆ ಅಗಲೀಕರಣದ ಗೆರೆ ಇದ್ದರೆ ಬಹಳಷ್ಟು ಕಡೆ ಅಳತೆ ಅಲ್ಲಿಂದ. ಆ ಗೆರೆ ನಿವೇಶನದೊಳಗೆ 1.5 ಮೀಟರ್ ಬಂದಿದೆ ಎನ್ನಿ. ಕಟ್ಟಬಹುದಾದ ಜಾಗ 9 × 13.5ಕ್ಕೆ ಇಳಿಯುತ್ತದೆ, ಮಹಡಿಗೆ 121.5. ಎಫ್‌ಎಆರ್‌ಗೆ ಮೂಲ ವಿಸ್ತೀರ್ಣವೋ ಬಿಟ್ಟುಕೊಟ್ಟ ಮೇಲೆ ಉಳಿದ 222 ಚದರ ಮೀಟರೋ ಎಂಬುದು ಮತ್ತೆ ‘ನಿವೇಶನ ವಿಸ್ತೀರ್ಣ’ದ ವ್ಯಾಖ್ಯೆಯಲ್ಲಿದೆ. ಪಾಯ ತೋಡಿದ ಮೇಲೆ ಇದು ತಿಳಿದರೆ ಮುಂದಿನ ಕಂಬಗಳ ಸಾಲನ್ನೇ ಬದಲಿಸಬೇಕು.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ಮೊದಲ ಮಹಡಿಯ ಒಂದು ಕೋಣೆಯಲ್ಲಿ ಟ್ಯೂಷನ್ ನಡೆಸಿದರೆ ಭೂಬಳಕೆ ಬದಲಾದಂತೆಯೇ?

ಉತ್ತರ 3

‘ಪೂರಕ ಬಳಕೆ’ ಎಂಬ ವ್ಯಾಖ್ಯೆ ಹುಡುಕಿ. ಮುಖ್ಯ ಬಳಕೆ ವಾಸವೇ ಆಗಿದ್ದು, ನಡೆಸುವವರು ಅಲ್ಲೇ ವಾಸವಿದ್ದು, ಜಾಗ ನಿಗದಿತ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹೊರಗಿನವರಿಗೆ ಬಾಡಿಗೆಗೆ ಕೊಟ್ಟರೆ ಅದು ಪೂರಕವಾಗಿ ಉಳಿಯುವುದು ಕಷ್ಟ.

ಓದುವಾಗ ಎರಡು ಪದಗಳ ಮೇಲೆ ಕಣ್ಣಿಡಿ. ‘ಎಂದರೆ’ ಎಂದಿದ್ದರೆ ಪಟ್ಟಿ ಅಲ್ಲಿಗೆ ಮುಗಿಯಿತು, ಅದರಾಚೆ ಏನೂ ಸೇರದು. ‘ಒಳಗೊಂಡಿದೆ’ ಎಂದಿದ್ದರೆ ಅದೇ ಬಗೆಯ ಬೇರೆ ಬಳಕೆಗಳಿಗೂ ಅವಕಾಶ ಉಂಟು. ಟ್ಯೂಷನ್ ಎಂಬ ಪದ ಪಟ್ಟಿಯಲ್ಲಿ ಇಲ್ಲದಿದ್ದರೂ ಎರಡನೆಯ ಸಂದರ್ಭದಲ್ಲಿ ವಾದಿಸಬಹುದು.

ಆ ಕೋಣೆಯ ಪಕ್ಕ ಇನ್ನೊಂದು ಅಡುಗೆಮನೆ ಮಾತ್ರ ತೋರಿಸಬೇಡಿ. ಅನೇಕ ನಿಯಮಾವಳಿಗಳಲ್ಲಿ ‘ವಾಸದ ಘಟಕ’ವನ್ನು ಗುರುತಿಸುವುದೇ ಸ್ವಂತ ಅಡುಗೆಮನೆಯಿಂದ, ಘಟಕ ಒಂದು ಹೆಚ್ಚಿದರೆ ಪಾರ್ಕಿಂಗ್ ಕೂಡ ಹೆಚ್ಚಬೇಕು, ಸ್ಟಿಲ್ಟ್‌ನಲ್ಲಿ ಆ ಜಾಗ ಇದೆಯೇ ನೋಡಿಕೊಳ್ಳಿ.